ಸಲೀಂ ಮಿರ್ಜಾ ಊರು ಬಿಟ್ಟನೇ?

ಹಳೆಯ ಸಿನಿಮಾಗಳನ್ನು ಇಷ್ಟಪಡುವ ನಾಲ್ಕು ಮಂದಿ ಒಂದೆಡೆ ಸೇರಿದರೆ ಮಾತು ಮೊದಲು ಸಿನಿಮಾದ ಬಗ್ಗೆ ಇರುತ್ತದೆ. ಅರ್ಧ ಗಂಟೆ ಕಳೆಯುವುದರೊಳಗೆ ಅದು ಡಿಸ್ಕಿನ ಕಡೆಗೆ ಹೊರಳಿರುತ್ತದೆ. ಯಾವ ಪ್ರಿಂಟು ಒಳ್ಳೆಯದು, ಯಾವುದರಲ್ಲಿ ಹಾಡು ಕತ್ತರಿಸಿದ್ದಾರೆ, ಯಾವುದರ ಬಣ್ಣ ಕೆಟ್ಟಿದೆ, ಯಾರ ಬಳಿ ಇನ್ನೂ ಕ್ಯಾಸೆಟ್ ಇದೆ ಎಂಬ ಚರ್ಚೆ ಶುರುವಾಗುತ್ತದೆ. ನಮ್ಮ ಊರಿನಲ್ಲೂ ಇಂಥದೊಂದು ಗುಂಪಿದೆ. ಒಬ್ಬರು ನಿವೃತ್ತ ಮೇಷ್ಟ್ರು. ಇನ್ನೊಬ್ಬರು ಒಂದು ಕಾಲದಲ್ಲಿ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದವರು. ಮತ್ತೊಬ್ಬರು ಇಪ್ಪತ್ತು ವರ್ಷ ಗಲ್ಫಿನಲ್ಲಿ ದುಡಿದು ಮರಳಿದವರು; ಬರುವಾಗ ಎರಡು ಪೆಟ್ಟಿಗೆ ತುಂಬಾ ಡಿಸ್ಕುಗಳನ್ನೇ ತಂದರೆಂದು ಅವರ ಮನೆಯವರು ಈಗಲೂ ದೂರುತ್ತಾರೆ. ಭಾನುವಾರ ಸಂಜೆ ಅವರ ಮನೆಯ ಜಗಲಿಯಲ್ಲಿ ನಡೆಯುವ ಮಾತಿಗೆ ನಾನೂ ಹಳೆಯ ಗಿರಾಕಿ.

ಈ ಮಾತುಕತೆಯ ಬಗ್ಗೆ ನನಗೆ ಬಹಳ ಕಾಲ ಒಂದು ಅಸಮಾಧಾನವಿತ್ತು. ಸಿನಿಮಾ ಏನು ಹೇಳುತ್ತದೆ ಎಂಬುದನ್ನು ಬಿಟ್ಟು ಅದರ ಡಬ್ಬಿಯ ಬಗ್ಗೆ ಇಷ್ಟೊಂದು ಮಾತನಾಡುವುದು ಉಂಡವರ ಹರಟೆಯಲ್ಲವೇ? ಒಂದೇ ಚಿತ್ರದ ಮೂರು ಡಿಸ್ಕುಗಳನ್ನು ಕಪಾಟಿನಲ್ಲಿ ಜೋಡಿಸಿಟ್ಟುಕೊಂಡವರನ್ನು ಕಂಡಾಗ, ಓದದೆ ಪುಸ್ತಕ ಕೊಳ್ಳುವವರ ನೆನಪಾಗುತ್ತಿತ್ತು. ಈ ಅಭಿಪ್ರಾಯವನ್ನು ಬದಲಿಸಿದ್ದು ಎಂ.ಎಸ್. ಸತ್ಯು ಅವರ ‘ಗರಂ ಹವಾ’. ಅದಕ್ಕೆ ಕಾರಣವಾದದ್ದು ಒಂದು ಕೆಟ್ಟ ಡಿಸ್ಕು. ಅದನ್ನು ಹೇಳುವ ಮೊದಲು ನಮ್ಮ ಮನೆಗಳಿಗೆ ಸಿನಿಮಾ ಬಂದ ದಾರಿಯನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು.

1982ರ ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶಕ್ಕೆ ಬಣ್ಣದ ಟಿವಿ ಬಂತು. ಅದರ ಬೆನ್ನಿಗೇ ವಿಸಿಆರ್ ಬಂತು. ಕರಾವಳಿಯ ನಮ್ಮಂಥ ಊರುಗಳಿಗೆ ಅದು ಬಂದದ್ದು ಹೆಚ್ಚಾಗಿ ಗಲ್ಫಿನಿಂದ ರಜೆಗೆ ಬರುವವರ ಸಾಮಾನಿನ ಜೊತೆ, ಅತ್ತರು ಮತ್ತು ಕಂಬಳಿಯೊಂದಿಗೆ. ಇಲ್ಲದವರು ಟಿವಿಯನ್ನೂ ವಿಸಿಆರನ್ನೂ ಒಂದು ರಾತ್ರಿಗೆ ಬಾಡಿಗೆಗೆ ತರುತ್ತಿದ್ದರು. ಬಾಡಿಗೆ ವಸೂಲಾಗಬೇಕಾದ್ದರಿಂದ ಬೆಳಗಿನವರೆಗೆ ಮೂರು ಸಿನಿಮಾ ನೋಡಲೇಬೇಕು. ಆಮೇಲೆ ವಿಸಿಡಿ ಬಂತು, ಒಂದು ಸಿನಿಮಾಕ್ಕೆ ಎರಡು ಡಿಸ್ಕು, ಉದ್ದದ ಸಿನಿಮಾ ಆದರೆ ಮೂರು. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ತೊಡಗಿದಾಗ ಹಳೆಯ ಚಿತ್ರಗಳು ದಿನಸಿ ಅಂಗಡಿಗಳಲ್ಲೂ ನೇತಾಡಿದವು. ಆ ಕಂಪನಿಯೂ 2018ರಲ್ಲಿ ಮುಚ್ಚುವ ಸ್ಥಿತಿಗೆ ಬಂತು.

ಈ ಚರಿತ್ರೆಯನ್ನು ತಂತ್ರಜ್ಞಾನದ ಚರಿತ್ರೆಯಾಗಿ ಬರೆಯುವುದು ರೂಢಿ. ಆದರೆ ನಮ್ಮ ಮನೆಗಳ ಹೆಂಗಸರ ಪಾಲಿಗೆ ಅದು ಬೇರೆಯದೇ ಆಗಿತ್ತು. ಟಾಕೀಸಿಗೆ ಹೋಗುವುದು ಯೋಚಿಸಲೂ ಆಗದ ಮಾತಾಗಿದ್ದ ಮನೆಗಳಲ್ಲಿ ಸಿನಿಮಾ ಎಂಬುದನ್ನು ಮೊದಲು ಕಾಣಿಸಿದ್ದು ಈ ಕ್ಯಾಸೆಟ್ಟು, ಈ ಡಿಸ್ಕು. ಗಂಡಸರು ಬೆಳ್ಳಿತೆರೆಯ ವೈಭವ ಹೋಯಿತೆಂದು ಮರುಗುವಾಗ, ಆ ಬೆಳ್ಳಿತೆರೆಯನ್ನು ಎಂದೂ ನೋಡದವರ ಮಾತು ಅದರಲ್ಲಿ ಸೇರಿರುವುದಿಲ್ಲ. ಸಿನಿಮಾ ಚಿಕ್ಕದಾದದ್ದರಿಂದಲೇ ಅದು ಒಳಮನೆಯವರೆಗೆ ಬರಲು ಸಾಧ್ಯವಾಯಿತು.

ನಮ್ಮ ಉಮ್ಮ ‘ಗರಂ ಹವಾ’ ನೋಡಿದ್ದು ಹಾಗೆ, 2003ರಲ್ಲಿ. ರಸ್ತೆ ಬದಿಯಲ್ಲಿ ಕೊಂಡ, ಪ್ಲಾಸ್ಟಿಕ್ ಲಕೋಟೆಯ ಎರಡು ಡಿಸ್ಕು, ಪ್ರತಿಯ ಪ್ರತಿ. ಬಣ್ಣ ಕೆಂಪಿಗೆ ತಿರುಗಿತ್ತು, ಮಾತು ಬಾವಿಯೊಳಗಿಂದ ಬಂದ ಹಾಗಿತ್ತು. ಉಮ್ಮನಿಗೆ ಹಿಂದಿಯೂ ಉರ್ದುವೂ ಅಷ್ಟಕ್ಕಷ್ಟೇ. ಆದರೂ ಅವರು ಏಳದೆ ನೋಡಿದರು. ಆಗ್ರಾದ ಪಾದರಕ್ಷೆ ವ್ಯಾಪಾರಿ ಸಲೀಂ ಮಿರ್ಜಾ, ಅವನ ಅಣ್ಣ ಹಲೀಂ, ಇಬ್ಬರ ತಾಯಿ, ಎಲ್ಲರೂ ಬಾಳುವ ಹಳೆಯ ಹವೇಲಿ. ದೇಶ ಒಡೆದಿದೆ, ಗಾಂಧೀಜಿಯ ಹತ್ಯೆಯಾಗಿದೆ. ಸಲೀಂ ಒಬ್ಬೊಬ್ಬರನ್ನೇ ರೈಲು ಹತ್ತಿಸಿ ಬರುತ್ತಾನೆ. ವೇದಿಕೆಯಲ್ಲಿ ಊರು ಬಿಡುವುದಿಲ್ಲವೆಂದು ಸಾರಿದ ಅಣ್ಣನೇ ಪಾಕಿಸ್ತಾನಕ್ಕೆ ಹೋಗುತ್ತಾನೆ. ಹವೇಲಿ ಅಣ್ಣನ ಹೆಸರಿನಲ್ಲಿದ್ದುದರಿಂದ ಅದು ದೇಶ ಬಿಟ್ಟವರ ಆಸ್ತಿಯಾಗಿ, ಸಿಂಧ್‌ನಿಂದ ಬಂದ ಅಜ್ಮಾನಿಯ ಕೈ ಸೇರುತ್ತದೆ. ಬಾಡಿಗೆ ಮನೆಗೆ ಹೊರಡುವ ದಿನ ಮುದುಕಿ ಸೌದೆ ಕೋಣೆಯಲ್ಲಿ ಅವಿತು ಕೂರುತ್ತಾಳೆ. ಆ ದೃಶ್ಯ ಬಂದಾಗ ಉಮ್ಮ, “ಅದನ್ನು ಇನ್ನೊಮ್ಮೆ ಹಾಕು” ಎಂದರು. ಅವರು ಇಡೀ ಸಿನಿಮಾದಲ್ಲಿ ಆಡಿದ ಮಾತು ಅದೊಂದೇ.

ಎರಡನೆಯ ಡಿಸ್ಕು ಕೊನೆಯವರೆಗೆ ಓಡಲಿಲ್ಲ. ಮಗಳು ಆಮಿನಾ ಜೀವ ಕಳೆದುಕೊಂಡ ಮೇಲೆ ಸಲೀಂ ಸೋತು, ಹೆಂಡತಿ ಮತ್ತು ಕಿರಿಯ ಮಗ ಸಿಕಂದರನೊಂದಿಗೆ ಟಾಂಗಾ ಹತ್ತಿ ನಿಲ್ದಾಣದ ಕಡೆಗೆ ಹೊರಡುತ್ತಾನೆ. ಟಾಂಗಾ ರಸ್ತೆಗೆ ಬಿದ್ದದ್ದೇ ಚಿತ್ರ ಚೌಕಚೌಕವಾಗಿ ಒಡೆದು ನಿಂತಿತು. ಡಿಸ್ಕನ್ನು ಒರೆಸಿದೆವು, ಊದಿದೆವು, ಪ್ರಯೋಜನವಾಗಲಿಲ್ಲ. ಇನ್ನೇನು, ಹೋಗಿಬಿಟ್ಟರು ಎಂದುಕೊಂಡೆವು. ಹನ್ನೊಂದು ವರ್ಷ ನಮ್ಮ ಮನೆಯಲ್ಲಿ ಸಲೀಂ ಮಿರ್ಜಾ ಪಾಕಿಸ್ತಾನಕ್ಕೆ ಹೋದವನಾಗಿಯೇ ಉಳಿದ.

2014ರ ನವೆಂಬರಿನಲ್ಲಿ ಆ ಚಿತ್ರವನ್ನು ಪುನಶ್ಚೇತನಗೊಳಿಸಿ ಮತ್ತೆ ಚಿತ್ರಮಂದಿರಗಳಿಗೆ ತಂದರು. ಬೆಂಗಳೂರಿನಲ್ಲಿ ಅದನ್ನು ನೋಡಿದೆ. ಟಾಂಗಾ ನಿಲ್ಲುವುದಿಲ್ಲ. ಮುಂದೆ ಒಂದು ಮೆರವಣಿಗೆ ಬರುತ್ತದೆ, ಕೆಲಸ ಕೇಳುವವರ, ಬದುಕು ಕೇಳುವವರ ಮೆರವಣಿಗೆ, ಕೆಂಪು ಬಾವುಟಗಳು. ಸಿಕಂದರ್ ಇಳಿದು ಅದರೊಳಗೆ ಸೇರುತ್ತಾನೆ. ಸಲೀಂ ಹೆಂಡತಿಯನ್ನು ಮನೆಗೆ ಕಳಿಸಿ ತಾನೂ ಇಳಿಯುತ್ತಾನೆ. ಅವನು ಹೋಗುವುದಿಲ್ಲ! ನಾನು ಅದುವರೆಗೆ ಇನ್ನೊಂದು ಸಿನಿಮಾವನ್ನೇ ನೋಡಿದ್ದೆ. ಅದರ ಬಗ್ಗೆ ಸ್ನೇಹಿತರ ಜೊತೆ ವಾದಿಸಿದ್ದೆ, ಅದು ಸೋತವರ ಚಿತ್ರವೆಂದು ಒಂದು ಕಡೆ ಬರೆದೂ ಇದ್ದೆ.

ಡಿಸ್ಕಿನ ಬಗ್ಗೆ ಮಾತನಾಡುವವರನ್ನು ನಗುವುದನ್ನು ನಾನು ಬಿಟ್ಟದ್ದು ಆ ದಿನ.

ಕನ್ನಡದ ಓದುಗರಿಗೆ ಇದು ಹೊಸ ವಿಷಯವಾಗಬಾರದು. ಹಳಗನ್ನಡ ಕಾವ್ಯಗಳ ಓಲೆಗರಿಗಳನ್ನು ಮುಂದಿಟ್ಟುಕೊಂಡು, ಯಾವ ಪ್ರತಿಯಲ್ಲಿ ಯಾವ ಅಕ್ಷರವಿದೆ, ಲಿಪಿಕಾರ ಎಲ್ಲಿ ತಪ್ಪಿದ, ಎಲ್ಲಿ ತನ್ನದನ್ನು ಸೇರಿಸಿದ ಎಂದು ವರ್ಷಗಟ್ಟಲೆ ಕೂತು ನೋಡಿದ ಡಿ.ಎಲ್. ನರಸಿಂಹಾಚಾರ್ ಅವರಂಥ ವಿದ್ವಾಂಸರ ಪರಂಪರೆ ನಮ್ಮದು. ಪಾಠಾಂತರ ಗೊತ್ತಿಲ್ಲದೆ ಪಂಪನ ಬಗ್ಗೆ ತೀರ್ಪು ಕೊಡುವವರನ್ನು ನಾವು ವಿಮರ್ಶಕರೆಂದು ಒಪ್ಪುವುದಿಲ್ಲ. ಸಿನಿಮಾದ ವಿಷಯದಲ್ಲಿ ಮಾತ್ರ, ನಾವು ನೋಡಿದ್ದೇ ಸಿನಿಮಾ ಎಂದು ನಂಬಿಬಿಡುತ್ತೇವೆ. ಹಳೆಯ ಚಿತ್ರಪ್ರಿಯರ ಜಗಲಿ ಹರಟೆಯಲ್ಲಿ ನಡೆಯುವುದು ಬಹುಮಟ್ಟಿಗೆ ಗ್ರಂಥಸಂಪಾದನೆಯ ಕೆಲಸ, ಅವರಿಗೆ ಆ ಹೆಸರು ಗೊತ್ತಿಲ್ಲದಿದ್ದರೂ.

‘ಶೋಲೆ’ಯನ್ನೇ ನೋಡಿ. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡ, ಎಲ್ಲರ ಬಾಯಲ್ಲೂ ಸಂಭಾಷಣೆ ಇರುವ ಚಿತ್ರ. 1975ರ ಆಗಸ್ಟ್ 15ರಂದು ತೆರೆಗೆ ಬಂದಾಗ ತುರ್ತುಪರಿಸ್ಥಿತಿ ಜಾರಿಯಾಗಿ ಎರಡು ತಿಂಗಳೂ ಆಗಿರಲಿಲ್ಲ. ಠಾಕೂರ್ ಗಬ್ಬರನನ್ನು ತಾನೇ ಕೊಲ್ಲುವ ಮೂಲ ಅಂತ್ಯವನ್ನು ಸೆನ್ಸಾರ್ ಒಪ್ಪಲಿಲ್ಲ; ಪೊಲೀಸರು ಬಂದು ತಡೆಯುವ ಅಂತ್ಯ ಸೇರಿತು. ಇಮಾಮ್ ಸಾಹೇಬರ ಮಗ ಅಹಮದನ ಕೊಲೆಯ ದೃಶ್ಯವೂ ಹೋಯಿತು. ಮೂಲ ಅಂತ್ಯ ಹಲವು ವರ್ಷ ಕ್ಯಾಸೆಟ್ಟುಗಳಲ್ಲಿ ಮಸುಕಾಗಿ ಓಡಾಡಿತು. ನಮ್ಮ ಕ್ಯಾಸೆಟ್ ಅಂಗಡಿಯ ಗೆಳೆಯರು ಅದನ್ನು ನೋಡಿದ್ದೇನೆಂದರೆ ಮೇಷ್ಟ್ರು ನಂಬುತ್ತಿರಲಿಲ್ಲ. “ನೀವು ಕನಸು ಕಂಡದ್ದು ಮಾರಾಯ್ರೇ” ಎನ್ನುತ್ತಿದ್ದರು. 2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾ ನಗರದ ಉತ್ಸವದಲ್ಲಿ, ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸಿಪ್ಪಿ ಫಿಲ್ಮ್ಸ್ ಜೊತೆಗೂಡಿ ಸಿದ್ಧಪಡಿಸಿದ ಪ್ರತಿ ಮೂಲ ಅಂತ್ಯದೊಂದಿಗೆ ಪ್ರದರ್ಶನಗೊಂಡಿತು. ಐವತ್ತು ವರ್ಷ ದೇಶವೇ ನೋಡಿ ಬಾಯಿಪಾಠ ಮಾಡಿಕೊಂಡದ್ದು ಸರ್ಕಾರ ತಿದ್ದಿದ ಪಾಠವನ್ನು. ಇನ್ನೊಂದು ಸಂಗತಿಯೂ ಇದೆ. 70 ಎಂ.ಎಂ. ಅಗಲದ ಆ ಚಿತ್ರವನ್ನು ಹಳೆಯ ಟಿವಿಯ ಚೌಕಕ್ಕೆ ಕೂರಿಸಲು ಎರಡೂ ಬದಿ ಕತ್ತರಿಸುತ್ತಿದ್ದರು. ಬಂಡೆಯ ಮೇಲೆ ನಿಂತ ಮನುಷ್ಯ ಕಾಣುತ್ತಿದ್ದ, ಬಂಡೆ ಕಾಣುತ್ತಿರಲಿಲ್ಲ.

ತಿದ್ದುವುದು ಸರ್ಕಾರವೊಂದೇ ಅಲ್ಲ, ಮಾರುಕಟ್ಟೆಯೂ ತಿದ್ದುತ್ತದೆ. 1960ರ ‘ಮುಘಲ್-ಎ-ಆಝಂ’ ಹೆಚ್ಚಿನ ಭಾಗ ಕಪ್ಪುಬಿಳುಪಿನಲ್ಲಿತ್ತು. ಕನ್ನಡಿಗಳ ಅರಮನೆಯ ಹಾಡಿನಂಥ ಕೆಲವು ಭಾಗ ಮಾತ್ರ ಬಣ್ಣದಲ್ಲಿತ್ತು. ಆ ಬಣ್ಣಕ್ಕೆ ಅರ್ಥವಿತ್ತು. ಅನಾರ್ಕಲಿ ಭಯ ತೊರೆದು ಹಾಡುವಾಗ ಲೋಕಕ್ಕೇ ಬಣ್ಣ ಬರುತ್ತದೆ. 2004ರಲ್ಲಿ ಇಡೀ ಚಿತ್ರಕ್ಕೆ ಬಣ್ಣ ಹಚ್ಚಿ, ಸುಮಾರು 20 ನಿಮಿಷ ಕಡಿತಗೊಳಿಸಿ ಬಿಡುಗಡೆ ಮಾಡಿದರು. ಹೊಸ ತಲೆಮಾರಿಗೆ ಚಿತ್ರವನ್ನು ತಲುಪಿಸಿದ್ದು ಅದೇ ಎಂಬುದೂ ನಿಜ. ಆದರೆ ಮೊದಲಿನಿಂದಲೇ ಎಲ್ಲವೂ ಬಣ್ಣವಾದ ಮೇಲೆ, ಆ ಹಾಡಿನ ಹೊತ್ತಿಗೆ ಬಣ್ಣ ಬರುವುದರ ಬೆರಗು ಎಲ್ಲಿ ಉಳಿಯಿತು? ಬಣ್ಣ ಸೇರಿಸಿದವರು ಕಲಾವಿದನ ಒಂದು ನಿರ್ಧಾರವನ್ನು ಅಳಿಸಿದರು. ಇದನ್ನು ಗುರುತಿಸಲು ಎರಡೂ ಪ್ರತಿಗಳು ನಮ್ಮ ಕೈಗೆ ಸಿಗಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ಮರೆಸುವುದು ಅನ್ಯಾಯ.

ಮತ್ತೆ ‘ಗರಂ ಹವಾ’ಕ್ಕೆ ಬರೋಣ. ಇಸ್ಮತ್ ಚುಗ್ತಾಯಿ ಅವರ ಅಪ್ರಕಟಿತ ಕತೆ. ಚಿತ್ರಕತೆ ಕೈಫಿ ಆಜ್ಮಿ ಮತ್ತು ಶಮಾ ಝೈದಿ ಅವರದು. ಮೈಸೂರಿನವರಾದ ಸತ್ಯು ಅದನ್ನು ಮಾಡಿದ್ದು ಫಿಲ್ಮ್ ಫೈನಾನ್ಸ್ ಕಾರ್ಪೊರೇಶನ್ ಕೊಟ್ಟ 2.5 ಲಕ್ಷ ರೂಪಾಯಿ ಸಾಲದಲ್ಲಿ. ಸ್ಥಳದಲ್ಲೇ ಧ್ವನಿ ಹಿಡಿಯಲು ಹಣವಿರಲಿಲ್ಲ. ಮಾತುಗಳನ್ನು ಆಮೇಲೆ ಸೇರಿಸಿದರು. ಸಲೀಂ ಮಿರ್ಜಾ ಆಗಿ ನಟಿಸಿದ ಬಲರಾಜ್ ಸಾಹ್ನಿ 1973ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಚಿತ್ರ ಬಿಡುಗಡೆಯಾದದ್ದನ್ನು ಅವರು ನೋಡಲಿಲ್ಲ. ಕೋಮುಗಲಭೆಯ ಭಯವೆಂದು ಸೆನ್ಸಾರ್ ಅದನ್ನು ತಿಂಗಳುಗಟ್ಟಲೆ ತಡೆಹಿಡಿದಿತ್ತು. ಕೊನೆಗೆ ಅದು ಮೊದಲು ಜನರೆದುರು ಬಂದದ್ದು ಬೆಂಗಳೂರಿನ ಎರಡು ಚಿತ್ರಮಂದಿರಗಳಲ್ಲಿ. ಗಲಭೆಯಾಗಲಿಲ್ಲ. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಬಂತು. ಗಲಭೆ ಎಬ್ಬಿಸುತ್ತದೆಂದು ತಡೆದ ಚಿತ್ರಕ್ಕೇ ಭಾವೈಕ್ಯದ ಪ್ರಶಸ್ತಿ ಕೊಡುವ ಪ್ರಭುತ್ವದ ಮನಸ್ಸನ್ನು ಓದುಗರೇ ಊಹಿಸಿಕೊಳ್ಳಬಹುದು.

ಕೆಟ್ಟ ಪ್ರತಿಯಲ್ಲಿ ನಾನು ಕಳೆದುಕೊಂಡದ್ದು ಅಂತ್ಯವನ್ನು ಮಾತ್ರವಲ್ಲ. ಫತೇಪುರ್ ಸಿಕ್ರಿಯಲ್ಲಿ ಸಲೀಂ ಚಿಶ್ತಿಯವರ ದರ್ಗಾದ ಅಮೃತಶಿಲೆಯ ಜಾಲಂಧ್ರ ನನಗೆ ಬರೀ ಬಿಳಿ ಮಂಜಾಗಿ ಕಂಡಿತ್ತು. ಸಾಹ್ನಿಯವರ ಅಭಿನಯವೆಲ್ಲ ಇರುವುದು ಕಣ್ಣಿನ ಕೆಳಗಿನ ಗೆರೆಗಳಲ್ಲಿ, ಮಾತಿನ ನಡುವೆ ಬಿಡುವ ಉಸಿರಿನಲ್ಲಿ. ಬಾಡಿಗೆಗೆ ಮನೆ ಸಿಗದಾಗ, ಸಾಲ ಸಿಗದಾಗ, ಗೂಢಚಾರನೆಂಬ ಆರೋಪ ಬಂದಾಗ ಆ ಮನುಷ್ಯ ಕೂಗುವುದಿಲ್ಲ. ವಿಸಿಡಿಯ ಮಸುಕಿನಲ್ಲಿ ಅದು ನಿರ್ಲಿಪ್ತತೆಯಂತೆ ಕಂಡಿತ್ತು. ಸ್ವಚ್ಛವಾದ ಪ್ರತಿಯಲ್ಲಿ ಅದು, ತನ್ನ ಮರ್ಯಾದೆಯನ್ನು ತಾನೇ ಕಾಯ್ದುಕೊಳ್ಳಬೇಕಾದವನ ದಣಿವು. ನಟನ ಬಗ್ಗೆ ನಾವು ಕೊಡುವ ತೀರ್ಪು ಎಷ್ಟೋ ಸಲ ಪ್ರತಿಯ ಬಗೆಗಿನ ತೀರ್ಪೇ ಆಗಿರುತ್ತದೆ.

ಇಷ್ಟು ಹೇಳಿದ ಮೇಲೆ, ನಮ್ಮ ಜಗಲಿ ಮಾತುಕತೆಯ ಮಿತಿಯನ್ನೂ ಹೇಳಬೇಕು. ಪುನಶ್ಚೇತನಗೊಂಡ ‘ಗರಂ ಹವಾ’ದ ಬಗ್ಗೆ ಒಂದು ಸಂಜೆ ಪೂರ್ತಿ ಮಾತನಾಡಿದೆವು. ಬಣ್ಣ ಹೇಗೆ ಬಂದಿದೆ, ಧ್ವನಿ ಎಷ್ಟು ತಿಳಿಯಾಗಿದೆ ಎಂಬ ಮಾತು ಮುಗಿಯಲೇ ಇಲ್ಲ. ಮನೆ ಬಾಡಿಗೆಗೆ ಕೇಳಲು ಹೋದ ಸಲೀಮನ ಹೆಸರು ಕೇಳಿ ಬಾಗಿಲು ಮುಚ್ಚಿಕೊಳ್ಳುವುದು ಇವತ್ತಿನ ನಗರಗಳಲ್ಲೂ ನಡೆಯುತ್ತದೆ ಎಂಬ ಮಾತು ಬಂದದ್ದು ಎದ್ದು ಹೊರಡುವಾಗ, ಚಪ್ಪಲಿ ಮೆಟ್ಟುತ್ತಾ. ಪಾಠವನ್ನು ಶುದ್ಧಗೊಳಿಸುವುದು ಓದುವುದಕ್ಕಾಗಿ. ಓದದೆ ಬಿಟ್ಟರೆ ಶುದ್ಧಪಾಠವೂ ಕಪಾಟಿನ ಅಲಂಕಾರ.

ಓದಿದರೆ ಏನೆಲ್ಲ ಕಾಣುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಹವೇಲಿಯನ್ನು ಪಡೆಯುವ ಅಜ್ಮಾನಿಯ ಪಾತ್ರ ಮಾಡಿದವರು ಎ.ಕೆ. ಹಂಗಲ್. ‘ಶೋಲೆ’ಯ ಕುರುಡ ಇಮಾಮ್ ಸಾಹೇಬರೂ ಅವರೇ. ಎರಡು ವರ್ಷಗಳ ಅಂತರದಲ್ಲಿ ಒಬ್ಬನೇ ನಟ, ಮನೆ ಕಳೆದುಕೊಂಡು ಬಂದ ಹಿಂದೂ ವ್ಯಾಪಾರಿಯೂ ಆಗಿ, ಮಗನನ್ನು ಕಳೆದುಕೊಂಡ ಮುಸ್ಲಿಂ ಮುದುಕನೂ ಆಗಿ ನಿಂತರು. ಸ್ವತಃ ಹಂಗಲ್ ಕರಾಚಿಯಲ್ಲಿ ಸೆರೆಮನೆ ಕಂಡು 1949ರಲ್ಲಿ ಮುಂಬಯಿಗೆ ಬಂದವರು. ಅಜ್ಮಾನಿ ಕೆಟ್ಟವನಲ್ಲ ಎಂಬುದೇ ಸತ್ಯು ಚಿತ್ರದ ದೊಡ್ಡ ಗುಣ. ಅವನೂ ಮನೆ ಬಿಟ್ಟು ಬಂದವನು. ಸಾಯುವ ಮುನ್ನ ಮುದುಕಿಯನ್ನು ಹವೇಲಿಗೆ ಹೊತ್ತು ತಂದಾಗ ಬಾಗಿಲು ತೆರೆಯುವವನು. ಅನ್ಯಾಯ ಮಾಡಿದ್ದು ಅವನಲ್ಲ, ಕಾಗದಪತ್ರ.

ಇನ್ನು, ಮಾತನಾಡಲು ಪ್ರತಿಯೇ ಇಲ್ಲದ ಚಿತ್ರಗಳ ಕತೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ಬಂತು. ಇವತ್ತು ಅದರ ಪ್ರತಿ ಇಲ್ಲ. 1931ರ ‘ಆಲಂ ಆರಾ’ದ ಪ್ರತಿಯೂ ಇಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲಿ ಬೆಂಕಿ ಬಿದ್ದು ರಾಷ್ಟ್ರೀಯ ಸಂಗ್ರಹಾಲಯದ ನೈಟ್ರೇಟ್ ಫಿಲ್ಮಿನ ಅನೇಕ ಹಳೆಯ ಚಿತ್ರಗಳು ಬೂದಿಯಾದವು. ಅದೇ ಬೆಂಕಿ ಬೇರೆಡೆ ಬಿದ್ದಾಗ ಆದದ್ದನ್ನೂ ನೋಡಿ. 1993ರಲ್ಲಿ ಲಂಡನ್ನಿನ ಲ್ಯಾಬಿನಲ್ಲಿ ಸತ್ಯಜಿತ್ ರೇ ಅವರ ಅಪು ಚಿತ್ರತ್ರಯದ ನೆಗೆಟಿವ್‌ಗಳು ಸುಟ್ಟವು. ಸುಟ್ಟ ಸುರುಳಿಗಳನ್ನು ಅಮೆರಿಕದ ಅಕಾಡೆಮಿ ಎಸೆಯದೆ ಇಟ್ಟಿತ್ತು. ಇಪ್ಪತ್ತು ವರ್ಷಗಳ ಬಳಿಕ ಬೊಲೋನ್ಯಾದ ಕುಶಲಕರ್ಮಿಗಳು ಅವುಗಳನ್ನು ಬಿಡಿಸಿ, ಮೆದುಗೊಳಿಸಿ, ಹರಿದಲ್ಲಿ ಜೋಡಿಸಿ, ‘ಪಥೇರ್ ಪಾಂಚಾಲಿ’ಯ ಸುಮಾರು ಶೇ. 40ರಷ್ಟನ್ನು, ‘ಅಪರಾಜಿತೋ’ದ ಶೇ. 60ಕ್ಕೂ ಹೆಚ್ಚನ್ನು ಮೂಲ ನೆಗೆಟಿವ್‌ನಿಂದಲೇ ಉಳಿಸಿದರು. 2015ರಲ್ಲಿ ಕ್ರೈಟೀರಿಯನ್ ಸಂಸ್ಥೆ ಅದನ್ನು ಡಿಸ್ಕಿನಲ್ಲಿ ತಂದಿತು. ನಮ್ಮ ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವೂ ಹೀಗೆಯೇ ಬೊಲೋನ್ಯಾದಲ್ಲಿ ಮರುಜೀವ ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಸಂತೋಷವೇ. ಆದರೆ ಕನ್ನಡದ ಚಿತ್ರವೊಂದು ಉಳಿಯಬೇಕೇ ಎಂದು ಇಟಲಿಯಲ್ಲೋ ಅಮೆರಿಕದಲ್ಲೋ ತೀರ್ಮಾನವಾಗುವ ತನಕ ನಾವು ಕಾಯಬೇಕೇ? ಕರ್ನಾಟಕದ ಗ್ರಂಥಾಲಯಗಳು ಪುಸ್ತಕ ಕೊಳ್ಳುವಂತೆ ನಮ್ಮ ಒಳ್ಳೆಯ ಚಿತ್ರಗಳ ಪ್ರತಿಗಳನ್ನೂ ಏಕೆ ಕೊಂಡು ಇಡಬಾರದು?

ಈಗ ಎಲ್ಲವೂ ಫೋನಿನಲ್ಲೇ ಸಿಗುತ್ತದೆ ಎನ್ನುವವರಿದ್ದಾರೆ. ಅಮೆರಿಕದಲ್ಲಿ ನೆಟ್‌ಫ್ಲಿಕ್ಸ್ ಅಂಚೆಯಲ್ಲಿ ಡಿಸ್ಕು ಕಳಿಸುವುದನ್ನು 2023ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿತು. ಆದರೆ ಫೋನಿನಲ್ಲಿ ಸಿಗುವುದು ಇನ್ನೊಬ್ಬರ ಮನೆಯ ಸಾಮಾನು. ಕರಾರು ಮುಗಿದ ದಿನ ಚಿತ್ರ ಕಾಣೆಯಾಗುತ್ತದೆ, ಒಂದು ದೃಶ್ಯ ಹೋಗಿದ್ದರೂ ಗೊತ್ತಾಗುವುದಿಲ್ಲ. ಹೋಲಿಸಿ ನೋಡಲು ಹಳೆಯ ಪ್ರತಿ ಯಾರ ಕಪಾಟಿನಲ್ಲಾದರೂ ಇರಬೇಕು. ಆ ಕಪಾಟನ್ನು ಕಾಯುವವರನ್ನು ನಾನಂತೂ ಇನ್ನು ಹುಚ್ಚರೆನ್ನುವುದಿಲ್ಲ.

ಮನೆಯೊಳಗಿನ ಸಿನಿಮಾದ ಬಗ್ಗೆ ಕನ್ನಡದಲ್ಲೇ ಒಂದು ದೊಡ್ಡ ಚಿತ್ರವಿದೆ. ವೈದೇಹಿಯವರ ಕತೆಯನ್ನು ಆಧರಿಸಿ ಕಾಸರವಳ್ಳಿ 2008ರಲ್ಲಿ ಮಾಡಿದ ‘ಗುಲಾಬಿ ಟಾಕೀಸ್’. ಕುಂದಾಪುರದ ಕಡೆಯ ಮೀನುಗಾರರ ಊರಿನ ಸೂಲಗಿತ್ತಿ ಗುಲಾಬಿಗೆ ಸಿನಿಮಾ ಎಂದರೆ ಪ್ರಾಣ. ಕಷ್ಟದ ಹೆರಿಗೆಯೊಂದನ್ನು ಮಾಡಿಸಿದ್ದಕ್ಕೆ ಅವಳಿಗೆ ಬಣ್ಣದ ಟಿವಿ, ಡಿಶ್ ಸಿಗುತ್ತದೆ. ಊರಿನ ಹೆಂಗಸರು ಅವಳ ಮನೆಗೆ ಬರತೊಡಗುತ್ತಾರೆ. ಅವಳು ಮುಸ್ಲಿಂ ಎಂದು ಕೆಲವರು ಒಳಗೆ ಬರದೆ ಹೊರಗಿನಿಂದಲೇ ನೋಡುತ್ತಾರೆ. ಕಾರ್ಗಿಲ್ ಯುದ್ಧದ ಕಾಲ, ಮೀನುಗಾರಿಕೆಯ ಪೈಪೋಟಿ, ಕಾಣೆಯಾದ ಒಬ್ಬ ಹುಡುಗಿ. ಎಲ್ಲದರ ಸಿಟ್ಟು ಕೊನೆಗೆ ಗುಲಾಬಿಯ ಮೇಲೆ ಬೀಳುತ್ತದೆ. ಅವಳನ್ನು ದೋಣಿ ಹತ್ತಿಸಿ ಊರು ಬಿಡಿಸುತ್ತಾರೆ. ಟಿವಿ ಅಲ್ಲೇ ಉಳಿಯುತ್ತದೆ. ಅವಳಿದ್ದಾಗ ಹೊಸ್ತಿಲು ದಾಟದ ಇಬ್ಬರು ಮುದುಕಿಯರು ಅವಳಿಲ್ಲದ ಮನೆಗೆ ಬಂದು ಅದರ ಮುಂದೆ ಕೂರುತ್ತಾರೆ. ಗುಲಾಬಿಯಾಗಿ ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆದರೆ ನನ್ನನ್ನು ಕಾಡುವುದು ಆ ಖಾಲಿ ಮನೆ. ಪೆಟ್ಟಿಗೆ ಉಳಿಯಿತು, ಚಿತ್ರ ಬರುತ್ತಿದೆ, ತೋರಿಸುತ್ತಿದ್ದವಳು ಇಲ್ಲ. ಚಿತ್ರಗಳನ್ನು ಉಳಿಸುವ ಬಗ್ಗೆ ಮಾತನಾಡುವಾಗಲೆಲ್ಲ ಈ ದೃಶ್ಯವನ್ನು ನೆನೆಯಬೇಕು. ಸಲೀಮನಿಗೆ ಟಾಂಗಾದಿಂದ ಇಳಿಯಲು ಒಂದು ಮೆರವಣಿಗೆಯಾದರೂ ಎದುರಾಯಿತು. ಮೂವತ್ತೈದು ವರ್ಷಗಳ ನಂತರ ಗುಲಾಬಿಯ ದೋಣಿಯನ್ನು ತಡೆಯಲು ಯಾರೂ ಬರಲಿಲ್ಲ.

2014ರಲ್ಲಿ ಬೆಂಗಳೂರಿನಿಂದ ಮರಳಿದ ರಾತ್ರಿಯೇ ಉಮ್ಮನಿಗೆ ವಿಷಯ ಹೇಳಿದ್ದೆ. “ಅವನು ಹೋಗಲಿಲ್ಲ ಉಮ್ಮ, ದಾರಿಯಲ್ಲೇ ಇಳಿದುಬಿಟ್ಟ” ಎಂದೆ. ಉಮ್ಮನಿಗೆ ಯಾರ ಮಾತೆಂದು ತಿಳಿಯಲು ಸ್ವಲ್ಪ ಹೊತ್ತಾಯಿತು. ಮೆರವಣಿಗೆಯ ಬಗ್ಗೆ, ಬಾವುಟದ ಬಗ್ಗೆ ಎಲ್ಲವನ್ನೂ ವಿವರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಹಾಗಾದರೆ ಆ ಮನೆ ಅವರಿಗೆ ವಾಪಸ್ ಸಿಕ್ಕಿತಾ?”

ಇಲ್ಲ, ಸಿಗಲಿಲ್ಲ. ಸಲೀಂ ದೇಶದಲ್ಲಿ ಉಳಿದ, ಹವೇಲಿ ಹೋದದ್ದು ಹೋಯಿತು. ಎಷ್ಟು ಸ್ವಚ್ಛವಾದ ಪ್ರತಿಯಲ್ಲಿ ನೋಡಿದರೂ ಸತ್ಯು ಅವರ ಮೆರವಣಿಗೆ ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಮುಂದಿನ ಭಾನುವಾರ ಜಗಲಿಯಲ್ಲಿ ಡಿಸ್ಕಿನ ಮಾತಿಗಿಂತ ಮೊದಲು ಉಮ್ಮನ ಪ್ರಶ್ನೆಯನ್ನು ಇಟ್ಟೆ. ಆ ದಿನ ಮಗ್ರಿಬ್ ಬಾಂಗ್ ಆಗುವವರೆಗೂ ಯಾರೂ ಪ್ರಿಂಟಿನ ಸುದ್ದಿ ಎತ್ತಲಿಲ್ಲ.